ಸಕ್ಕರೆಯ ಸವಾರ

ಹಗ್ಗ ಬಿಚ್ಚಿ ಮರದ ಅಚ್ಚಿನ ಎರಡು ಹೋಳುಗಳನ್ನು ಬೇರ್ಪಡಿಸಿದ ಮಿಠಾಯಿ ಅಂಗಡಿಯ ಉಸ್ತಾದ್ ದಸೂಕಿ, ಒಂದು ಕ್ಷಣ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಕುದುರೆಯ ಮೇಲೆ ಕೂತಿದ್ದ ಸಕ್ಕರೆಯ ಸವಾರ ಕತ್ತಿಯನ್ನು ಎಡಗೈಯಲ್ಲಿ ಹಿರಿದಿದ್ದ.

"ಮೇಷ್ಟ್ರೇ, ಇಡೀ ತಾಂತಾ ಊರಿಗೆ ಇತಿಹಾಸ ಪಾಠ ಮಾಡಿದೋರು ನೀವು. ಇವನು ಯಾವ ಸೈನ್ಯದವನು?"

"ನಾನು ಬಲಗೈಗೇ ಕೊಟ್ಟಿದ್ದೆ," ಎಂದ, ಅಚ್ಚನ್ನು ತಾನೇ ಕೆತ್ತಿ ತಂದಿದ್ದ ಬಹ್ಗತ್.

"ಅಚ್ಚಲ್ಲಿ ಕೊಟ್ಟಿದ್ರಿ. ಅಚ್ಚಿನ ಬಲ ಸಕ್ಕರೆಗೆ ಎಡ. ಇಲ್ಲಿ ಕೆಲಸಕ್ಕೆ ಸೇರಿದವನಿಗೆ ಮೊದಲ ದಿನಾನೇ ಹೇಳಿಬಿಡ್ತೀವಿ. ಬಾಯಿಬಿಟ್ಟು ಒಂದು ಮಾತು ಕೇಳೋದಲ್ವಾ?"

ಬಾಯಿಬಿಡುವುದು ಬಹ್ಗತ್‌ಗೆ ಬರುತ್ತಿದ್ದರೆ ಈ ಸವಾರ ಹುಟ್ಟುತ್ತಲೇ ಇರಲಿಲ್ಲ. ಅಕ್ಕ ಅವಾತಿಫಳಿಗೆ ಅವನು ಒಂದೇ ಒಂದು ವಾಕ್ಯ ಹೇಳಬೇಕಿತ್ತು. ಅದನ್ನು ಹೇಳಲಾರದೆ, ನಿವೃತ್ತನಾದ ಮೇಲೆ ಎಂಟು ತಿಂಗಳು ಉಳಿ ಹಿಡಿದು, ಮೂರು ಬೆರಳು ಕುಯ್ದುಕೊಂಡು, ಮರ ಕೆತ್ತುವುದನ್ನು ಕಲಿತಿದ್ದ. ಹೇಡಿಗಿರುವಷ್ಟು ತಾಳ್ಮೆ ಶಿಲ್ಪಿಗೂ ಇರಲಾರದು ಎಂದುಕೊಂಡು, ಸವಾರನನ್ನು ಗುಲಾಬಿ ಬಣ್ಣದ ಕಾಗದದಲ್ಲಿ ಸುತ್ತಿ ಎದೆಗವಚಿಕೊಂಡು ಹೊರಟ.

ಆ ವಾಕ್ಯ ಬಾಕಿ ಉಳಿದ ವರ್ಷ ಅವನಿಗೆ ಏಳು, ಅಕ್ಕನಿಗೆ ಹತ್ತು. ಪ್ರವಾದಿಯ ಹುಟ್ಟುಹಬ್ಬವಾದ ಮೌಲಿದ್‌ಗೆ ಅಪ್ಪ ಎಂದಿನಂತೆ ಮಗಳಿಗೆ ಸಕ್ಕರೆಯ ಗೊಂಬೆ, ಮಗನಿಗೆ ಸಕ್ಕರೆಯ ಸವಾರ ತಂದಿದ್ದ. ಗೊಂಬೆ ವಾರದೊಳಗೆ ಅಕ್ಕನ ಹೊಟ್ಟೆ ಸೇರಿತು. ಸವಾರ ಮಾತ್ರ ಬೀರುವಿನ ಮೇಲೆ ಬಿಗುಮಾನದಿಂದ ನಿಂತ. ಯಾರೂ ಇಲ್ಲದ ಹೊತ್ತು ನೋಡಿ ಬಹ್ಗತ್ ಕುರ್ಚಿ ಹತ್ತಿ ಅವನನ್ನು ನೆಕ್ಕಿ ಇಳಿಯುತ್ತಿದ್ದ. ಒಂದು ದಿನ ನೋಡಿದರೆ ಸವಾರನಿಗೆ ತಲೆಯೇ ಉಳಿದಿರಲಿಲ್ಲ. ಅಪ್ಪ ವಿಚಾರಣೆ ಮಾಡಲಿಲ್ಲ. ತನ್ನದನ್ನು ತಿಂದು ಮುಗಿಸಿದವಳು ತಮ್ಮನದಕ್ಕೂ ಬಾಯಿ ಹಾಕಿದ್ದಾಳೆಂದು ಬೆಲ್ಟು ಬಿಚ್ಚಿದ. ಬಹ್ಗತ್ ಗೊಳೋ ಎಂದು ಅತ್ತ. ಸವಾರನನ್ನು ಕಳೆದುಕೊಂಡ ಪಾಪದ ಹುಡುಗನೆಂದು ನೆರೆಮನೆಯವರು ಅವನನ್ನೇ ಸಂತೈಸಿದರು.

ಈಗ ತನ್ನ ಮನೆಯಲ್ಲಿ ಅವಾತಿಫ್ ಆ ಗುಲಾಬಿ ಕಾಗದ ಬಿಡಿಸಿದಳು.

"ಇದನ್ನ ಯಾಕೋ ತಂದೆ? ಮುದುಕಿ ಆದ ಮೇಲೂ ನನ್ನ ಚುಚ್ಚಬೇಕಾ?"

"ಚುಚ್ಚೋದಾ? ನಾನಾ?"

"ನಿನ್ನ ಸವಾರನ್ನ ತಿಂದವಳು ನಾನು. ಎರಡು ದಿನ ಊಟ ಬಿಟ್ಟು ಅತ್ತಿದ್ದೆ ನೀನು. ತಪ್ಪಾಯ್ತು ಅನ್ನೋಕೆ ನನಗೆ ಇವತ್ತಿನವರೆಗೂ ಬಾಯಿ ಬಂದಿಲ್ಲ ಕಣೋ."

ಬಹ್ಗತ್ ತಬ್ಬಿಬ್ಬಾದ. "ತಿಂದಿದ್ದು... ನಿನಗೆ ನೆನಪಿದೆಯಾ?"

"ಅದು ನೆನಪಿಲ್ಲ. ನಾನಲ್ಲ, ನಾನಲ್ಲ ಅಂತ ಮೊದಲು ಕೂಗಿದ್ದು ನೆನಪಿದೆ. ಅಪ್ಪ ಅಷ್ಟು ಹೊಡೆದ ಮೇಲೆ, ನಾನೇ ತಿಂದಿರಬೇಕು ಅನ್ನಿಸಿಬಿಡ್ತು."

ತಾನು ಎಂಟು ತಿಂಗಳು ಕೂತು ಕೆತ್ತಿದ್ದು ಕ್ಷಮಾಪಣೆಯನ್ನಲ್ಲ, ಅವಳ ಮೇಲಿನ ದೂರನ್ನು ಎಂಬುದು ಬಹ್ಗತ್‌ಗೆ ಆಗ ಹೊಳೆಯಿತು. ಅದನ್ನು ಅಲಂಕರಿಸಿ ಅವಳ ಮನೆ ಬಾಗಿಲಿಗೇ ತಂದುಕೊಟ್ಟಿದ್ದ. ಈಗಲೂ ಸುಮ್ಮನಿದ್ದುಬಿಡಬಹುದಿತ್ತು. ಅವನಿಗೆ ಚೆನ್ನಾಗಿ ಪಳಗಿದ್ದ ಕಸುಬು ಅದೊಂದೇ.

"ನೀನಲ್ಲ ಅಕ್ಕಾ," ಎಂದ, ನೆಲ ನೋಡುತ್ತಾ. "ನಾನು. ದಿನಾ ಕುರ್ಚಿ ಹತ್ತಿ ನೆಕ್ತಿದ್ದೆ. ನಿನಗೆ ಹೊಡೀವಾಗ ಬಾಗಿಲ ಹತ್ರಾನೇ ನಿಂತಿದ್ದೆ."

ಅವಾತಿಫ್ ಎದ್ದು ಅಡುಗೆಮನೆಗೆ ಹೋದಳು. ಒಲೆ ಹೊತ್ತಿಕೊಂಡ ಸದ್ದು ಬಂತು, ನೀರು ಕುದಿದ ಸದ್ದು ಬಂತು. ಚಮಚದ ಸದ್ದು ಬರಲಿಲ್ಲ. ಹಿಂದಿರುಗಿದವಳು ಕಪ್ಪು ಚಹಾದ ಲೋಟವನ್ನು ಅವನ ಮುಂದಿಟ್ಟಳು, ಸವಾರನನ್ನು ಅದರ ಪಕ್ಕಕ್ಕೆ ಸರಿಸಿದಳು, ಎದುರಿಗೆ ಕುಳಿತಳು.

"ಸಕ್ಕರೆ ಹಾಕಿಲ್ಲ," ಅಂದಳು. "ನೆಕ್ಕು. ನಾನು ನೋಡ್ತಾ ಇರ್ತೀನಿ."