ಓಲಾಡುವ ಅಕ್ಷರಗಳು

"ಇದು ನಿಮ್ಮ ಕೈ ಅಲ್ಲ ಬಿಡಿ," ಎಂದ ಬೇಕರಿ ಯಜಮಾನ, ಗೋಡೆಗೆ ಒರಗಿಸಿಟ್ಟಿದ್ದ ಹೊಸ ಬೋರ್ಡನ್ನು ಮೂರನೇ ಸಲ ದಿಟ್ಟಿಸಿ.

"ನಂದಲ್ಲದೆ ಪಕ್ಕದ ಮನೆಯವರದಾ?" ಬೋರ್ಡು ಬರೆದ ಪೇಂಟರ್ ಬ್ರಷ್ ಒರೆಸುತ್ತಲೇ ಕೇಳಿದ.

"ಅಲ್ರೀ ಪೇಂಟ್ರೇ, ಹಳೇ ಅಂಗಡಿಗೆ ನೀವೇ ಬರೆದ ಬೋರ್ಡಲ್ಲಿ ಅಕ್ಷರಗಳು ಹೇಗೆ ಓಲಾಡ್ತಾವೆ! ಈಗಷ್ಟೇ ಒಲೆಯಿಂದ ತೆಗೆದ ಹಾಗೆ, ಮೆತ್ತಗೆ, ಉಬ್ಬಿಕೊಂಡು. ಜನ ಅದರ ಕೆಳಗೆ ನಿಂತು ಫೋಟೊ ತೆಗೆಸ್ಕೋತಾರೆ. ಇವು ನೋಡಿ, ಡ್ರಿಲ್‌ಗೆ ನಿಂತ ಪೊಲೀಸರು. ಬ್ರೆಡ್ ತಗೊಳ್ಳೋಕೆ ಬಂದವರು ಕೈ ಮೇಲೆತ್ತಿ ನಿಂತಾರು!" ಬಾಗಿಲ ತನಕ ಹೋದವನು ತಿರುಗಿ, "ಶುಕ್ರವಾರ ಹೊಸ ಅಂಗಡಿ ತೆರೀತೀನಿ. ಆ ಓಲಾಟ ಬರಲ್ಲ ಅಂದ್ರೆ ಈಗಲೇ ಹೇಳಿಬಿಡಿ. ಹಳೇದರ ಫೋಟೊ ಹೊಡೆದು ಪ್ರಿಂಟ್ ಹಾಕಿಸ್ತೀನಿ," ಎಂದ.

ಆ ಓಲಾಟದ ಮೂಲ ಪೇಂಟರ್‌ಗೆ ಚೆನ್ನಾಗಿ ಗೊತ್ತಿತ್ತು. ಅದು ಟರ್ಪಂಟೈನ್ ಡಬ್ಬಗಳ ಹಿಂದೆ, ಅರ್ಧ ತುಂಬಿದ ಬಾಟಲಿಯಲ್ಲಿ, ಇಪ್ಪತ್ತಮೂರು ದಿನಗಳಿಂದ ಧೂಳು ತಿನ್ನುತ್ತ ಕೂತಿತ್ತು. ಎರಡು ಪೆಗ್ ಇಳಿಯದೆ ಬ್ರಷ್ ಏಳುವುದಿಲ್ಲವೆಂದು ಅವನು ವರ್ಷಗಟ್ಟಲೆ ನಂಬಿದ್ದ. ಕಳೆದ ತಿಂಗಳು ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಲ್ಲಿನ ಡಾಕ್ಟರ ಬೋರ್ಡು ಬರೆದು ಮುಗಿದಿತ್ತು. ಬರೆದ ನೆನಪು ಮಾತ್ರ ಇರಲಿಲ್ಲ. ಅವತ್ತು ಹೆಂಡತಿಗೆ, "ಒಂದು ತಿಂಗಳು ಮುಟ್ಟಲ್ಲ. ಬಿಟ್ಟೆ ಅಂತಲ್ಲ, ಇದಿಲ್ಲದೆ ನಾನು ಹೇಗಿರ್ತೀನಿ ಅಂತ ನೋಡ್ತೀನಿ," ಎಂದಿದ್ದ. ನೋಡಿದ್ದೂ ಆಗಿತ್ತು. ಹೊಟ್ಟೆ ಹಸಿಯುತ್ತಿತ್ತು, ನಿದ್ದೆ ಬರುತ್ತಿತ್ತು, ಗೆರೆ ದಾರ ಹಿಡಿದಂತೆ ನೆಟ್ಟಗೆ ಬೀಳುತ್ತಿತ್ತು. ಈಗ ಆ ನೆಟ್ಟಗಿನ ಗೆರೆಯೇ ಕುತ್ತಿಗೆಗೆ ಬಂದಿತ್ತು.

ಸಂಜೆ ಹೊಲಿಗೆ ಯಂತ್ರ ಮುಚ್ಚಿ, ಚಹಾ ಹಿಡಿದು ಬಂದ ಹೆಂಡತಿಗೆ ಕಂಡಿದ್ದು ಸ್ಟೂಲಿನ ಮೇಲೆ ಬಾಟಲಿ, ಅದರೆದುರು ಕೈಕಟ್ಟಿ ಕೂತ ಗಂಡ.

"ಏನು, ಇಬ್ಬರೂ ರಾಜಿ ಮಾತಾಡ್ತಿದ್ದೀರಾ?"

"ಕೆಲಸಕ್ಕೋಸ್ಕರ ಕಣೇ. ಎರಡೇ ಎರಡು. ಆ ಓಲಾಟ ಕುಡೀದೆ ಬರಲ್ಲ."

"ಹಾಗಾದ್ರೆ ಆ ಬೋರ್ಡು ಬರೆದಿದ್ದು ನೀವಾ, ಇದಾ?"

ಅವಳು ಬಾಟಲಿ ಸರಿಸಿ ಆ ಜಾಗದಲ್ಲಿ ಚಹಾ ಇಟ್ಟಳು.

"ನೋಡ್ರೀ, ಪೋಸ್ಟ್‌ಮ್ಯಾನ್ ತನ್ನ ಹಳೇ ಅಂಗಿ ತಂದು ಇದೇ ಥರ ಹೊಲೀರಿ ಅಂತಾನೆ. ಚೀಲ ಹೊತ್ತು ಹೊತ್ತು ಅವನ ಒಂದು ಭುಜ ಇಳಿದಿದೆ. ಅಂಗಿ ಮೇಲೆ ಕಾಗದ ಹಾಸಿ, ಇಳಿದ ಭುಜಾನೂ ಹಾಗೇ ಗುರುತು ಹಾಕಿ ಕತ್ತರಿಸ್ತೀನಿ. ಅದಕ್ಕೆ ನಾನೂ ಚೀಲ ಹೊತ್ಕೊಂಡು ತಿರುಗಬೇಕಾ?"

ಪೇಂಟರ್ ಬಾಟಲಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಚಹಾ ಕುಡಿದ.

ಮರುದಿನ ಬೆಳಿಗ್ಗೆ ಹಳೇ ಅಂಗಡಿಗೆ ಏಣಿ ಹಾಕಿ, ಬೋರ್ಡಿನ ಮೇಲೆ ತೆಳು ಕಾಗದ ಹಚ್ಚಿ, ತನ್ನದೇ ಅಕ್ಷರಗಳನ್ನು ತಾನೇ ಕದಿಯತೊಡಗಿದ. ಕೆಳಗೆ ಏಣಿ ಹಿಡಿದಿದ್ದ ಯಜಮಾನನಿಗೆ ತಡೆಯಲಾಗಲಿಲ್ಲ.

"ಆ ಕೊನೇ ಅಕ್ಷರ ಪಕ್ಕದ್ದರ ಹೆಗಲಿಗೆ ಒರಗಿದೆಯಲ್ಲ, ಏನು ಕಲ್ಪನೆ ರೀ ನಿಮ್ದು! ಸ್ನೇಹಾನಾ?"

"ಇಲ್ಲ, ಅವತ್ತು ನಾನು ಏಣಿಗೆ ಒರಗಿದ್ದೆ."

ತಮಾಷೆ ಎಂದುಕೊಂಡು ಯಜಮಾನ ಹೊಟ್ಟೆ ಹಿಡಿದು ನಕ್ಕ, ಏಣಿಯೂ ಅಲುಗಿತು.

ಹೊಸ ಬೋರ್ಡಿಗೆ ಮತ್ತೆ ಬಿಳಿ ಬಳಿದದ್ದಾಯಿತು. ಹೆಂಡತಿಯ ಸೂಜಿಯಿಂದ ಕಾಗದದ ಗೆರೆಯುದ್ದಕ್ಕೂ ತೂತು ಕೊರೆದು, ಇದ್ದಿಲ ಪುಡಿ ತಟ್ಟಿ, ಬೋರ್ಡಿನ ಮೇಲೆ ಅಕ್ಷರಗಳ ಚುಕ್ಕಿ ಮೂಡಿಸಿಕೊಂಡ. ಕಾಗದ ಗಾಳಿಗೆ ಹಾರದಂತೆ ಮೂಲೆಗೊಂದು ಭಾರ ಬೇಕಿತ್ತು. ಅರ್ಧ ಬಾಟಲಿ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಅಂದಿನ ಒಂದೊಂದು ತೂರಾಟವನ್ನೂ ಇಂದಿನ ಕೈ ಎರಡೆರಡು ಸಲ ಅಳೆದು ಎಳೆಯಿತು. ಕುಡಿದು ಓಲಾಡುವುದಕ್ಕಿಂತ ಕುಡಿಯದೆ ಓಲಾಡುವುದೇ ಬೆನ್ನು ಮುರಿಯುವ ಕೆಲಸವೆಂದು ಪೇಂಟರ್‌ಗೆ ಗೊತ್ತಾಗಲು ಎರಡು ದಿನ ಹಿಡಿಯಿತು.

ಶುಕ್ರವಾರ ಬೋರ್ಡು ಮೇಲೇರಿತು. ಯಜಮಾನ ರಸ್ತೆಯ ಆಚೆ ಬದಿಗೆ ಹೋಗಿ ನೋಡಿ, ಓಡಿಬಂದು ಕೈ ಕುಲುಕಿದ. "ಇದು ನೋಡ್ರೀ ನಿಮ್ಮ ಕೈ!" ಆಮೇಲೆ ಕತ್ತೆತ್ತಿ, ಬೋರ್ಡಿನ ಕೆಳಮೂಲೆಯಲ್ಲಿದ್ದ ಪೇಂಟರ್‌ನ ಪುಟ್ಟ ಸಹಿಯತ್ತ ಬೆರಳು ಮಾಡಿದ. "ಎಲ್ಲ ಸರಿ, ಇದೊಂದು ಯಾಕೆ ಡ್ರಿಲ್‌ಗೆ ನಿಂತಿದೆ?"

ಏಣಿಯ ಬುಡದಲ್ಲಿ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು.

"ಅದೊಂದೇ ನನ್ನ ಕೈ, ಸಾಹುಕಾರ್ರೇ," ಎಂದ ಪೇಂಟರ್, ಏಣಿ ಮಡಚುತ್ತ. "ಉಳಿದದ್ದೆಲ್ಲ ನಕಲು."