ಮೂರೇ ಸಾಮಾನು

"ಈ ತಿಂಗಳು ಅಡುಗೆಗೆ ಮೂರೇ ಸಾಮಾನು. ಅಕ್ಕಿ, ಹುರುಳಿಕಾಳು, ಈರುಳ್ಳಿ. ದಿನಾ ಏನು ಮಾಡಲಿ ಅಂತ ತಲೆ ಕೆಡಿಸಿಕೊಂಡು ಸಾಕಾಗಿದೆ ನನಗೆ," ಎಂದು ಹೆಂಡತಿ ಸಾರಿದ ಮೇಲೆ ವಾಗೀಶನ ನಾಲಿಗೆ ಕೆಟ್ಟು ಕೂತಿತ್ತು.

ಭಾನುವಾರ ಬೆಳಿಗ್ಗೆ ಅವನಿಗೊಂದು ಉಪಾಯ ಹೊಳೆಯಿತು. ಆ ವಠಾರದಲ್ಲಿ ಯಾರೂ ಪಾತ್ರೆಯನ್ನು ಖಾಲಿಯಾಗಿ ವಾಪಸು ಕೊಡುವವರಲ್ಲ. ಹೆಂಡತಿ ಆಗಷ್ಟೇ ಇಳಿಸಿದ್ದ ಹುರುಳಿ ಸಾರನ್ನು ಕದ್ದುಮುಚ್ಚಿ ಡಬ್ಬಿಗೆ ಬಗ್ಗಿಸಿಕೊಂಡು ಎದುರು ಮನೆಗೆ ಕೊಟ್ಟುಬಂದ. ಪಲ್ಯವೋ ಪಾಯಸವೋ, ಏನಾದರೂ ಬಂದೇ ಬರುತ್ತದೆ.

ಮನೆಗೆ ಬಂದರೆ ಹೆಂಡತಿ ಅಡುಗೆಮನೆಯ ನೆಲ ತಡಕಾಡುತ್ತಿದ್ದಳು.

"ರೀ, ನನ್ನ ಮೂಗುಬೊಟ್ಟು ಎಲ್ಲೋ ಬಿದ್ದುಹೋಗಿದೆ!"

"ಮನೇಲೇ ಇರುತ್ತೆ ಬಿಡೇ, ಎಲ್ಲಿಗೆ ಹೋಗುತ್ತೆ?"

ಎದುರು ಮನೆಯಿಂದ ಸುದ್ದಿಯೇ ಇಲ್ಲ. ಸಂಜೆ ಮಹಡಿ ಮನೆಯ ಕಮಲಾಕ್ಷಮ್ಮ ತಮ್ಮದೊಂದು ಬಟ್ಟಲು ಹಿಡಿದು ಬಂದರು.

"ನಾನೇ ಕೈಯಾರೆ ಮಾಡಿದ ಸಾರು ಕಣಪ್ಪ, ರುಚಿ ನೋಡು."

ಮುಚ್ಚಳ ತೆಗೆದರೆ ಅದೂ ಹುರುಳಿ ಸಾರೇ! ಆದರೆ ಮೇಲೆ ತುಪ್ಪ, ಬೆಳ್ಳುಳ್ಳಿಯ ಒಗ್ಗರಣೆ ಘಮ್ಮೆನ್ನುತ್ತಿತ್ತು. ವಾಗೀಶ ಅನ್ನದ ಮೇಲೆ ಸುರಿದುಕೊಂಡು ಮೊದಲ ತುತ್ತಿಗೇ ಕಣ್ಣು ಮುಚ್ಚಿದ.

"ನೋಡೇ, ಸಾರು ಅಂದರೆ ಇದು! ನೀನೂ ಮಾಡ್ತೀಯಲ್ಲ, ಕಲಗಚ್ಚು. ಕೈರುಚಿ ಅನ್ನೋದು ಎಲ್ಲರಿಗೂ ಬರಲ್ಲ ಬಿಡು."

ಹೆಂಡತಿ ಸೌಟು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.

ಎರಡನೇ ತುತ್ತಿಗೆ ಹಲ್ಲಿನಡಿ ಏನೋ ಕಟಕ್ಕೆಂದಿತು. ಬೆರಳು ಹಾಕಿ ತೆಗೆದು ನೋಡಿದರೆ, ಹೆಂಡತಿಯ ಮೂಗುಬೊಟ್ಟು.