ಎಡಗಾಲಿಗೆ ರಜೆ

ದೀಪ ಆರಿದ್ದು ಎರಡನೇ ಗೇರಿನಲ್ಲಿ. ಗುಡ್ಡದ ಅರ್ಧಕ್ಕೆ ಬಂದಿದ್ದ ಜೀಪನ್ನು ವೇಣು, ಕೊಂಚ ಸಮತಟ್ಟು ಸಿಕ್ಕಿತೆಂದು ಒಂದರಿಂದ ಎರಡಕ್ಕೆ ಹಾಕಿದ. ಗಾಡಿ ಒಮ್ಮೆ ಜಗ್ಗಿತು. ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಕನಕಮ್ಮನ ಮಡಿಲಿನ ತಟ್ಟೆಯಲ್ಲಿ ತಂಬಿಟ್ಟಿನ ದೀಪ ವಾಲಿ, ತುಪ್ಪ ಚೆಲ್ಲಿ, ಬತ್ತಿ ಹೊಗೆಯಾಡಿತು. ಕನಕಮ್ಮ ಬೈಯಲಿಲ್ಲ. ಬೈದಿದ್ದರೆ ವೇಣುವಿಗೆ ಎಷ್ಟೋ ಮೇಲಾಗುತ್ತಿತ್ತು.

ಬಂಗಾರಪೇಟೆ ಕಡೆಯ ಆ ಊರಲ್ಲಿ ಹೆಂಗಸರು ವರ್ಷಕ್ಕೊಮ್ಮೆ ಗುಡ್ಡದ ಮೇಲಿನ ಗಂಗಮ್ಮನಿಗೆ ದೀಪ ಒಯ್ಯುತ್ತಾರೆ. ಹಚ್ಚುವುದು ಅವರವರ ಮನೆಯ ಹೊಸ್ತಿಲಲ್ಲಿ. ಅಮ್ಮನ ಮುಂದೆ ಇಳಿಸುವ ತನಕ ಉರಿಯುತ್ತಿರಬೇಕು. ನಡುದಾರಿಯಲ್ಲಿ ಆರಿತೋ, ಅಲ್ಲೇ ಕಡ್ಡಿ ಗೀರುವಂತಿಲ್ಲ, ಮತ್ತೆ ಹೊಸ್ತಿಲಿಗೇ ಬರಬೇಕು. ಮೊಣಕಾಲು ಕೈಕೊಟ್ಟ ಮೇಲೆ ಕನಕಮ್ಮ ತನ್ನ ದೀಪವನ್ನು ಪಕ್ಕದ ಮನೆಯವರ ಕೈಲಿ ಕಳಿಸುತ್ತಿದ್ದಳು. ನಮ್ಮ ಹಸಿವಿಗೆ ಇನ್ಯಾರೋ ಉಂಡ ಹಾಗಿರುತ್ತಿತ್ತು ಅದು. ಗುಡ್ಡದ ಹಿಂಬದಿಯ ಬಂಡಿಜಾಡಿನಲ್ಲಿ ಜೀಪು ಹತ್ತುತ್ತದೆ ಎಂದು ಈ ಸಲ ಗೊತ್ತಾದದ್ದೇ ತಡ, ನಾನೇ ಒಯ್ಯುತ್ತೇನೆಂದು ಹಟ ಹಿಡಿದಳು.

ಜೀಪುಗಳೇನೋ ಎರಡಿದ್ದವು. ಒಂದು ವೇಣುವಿನ ಹಳೆಯ ಗೇರಿನ ಜೀಪು. ಇನ್ನೊಂದು, ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸದಲ್ಲಿರುವ ಅಳಿಯ ರವಿಕಿರಣ್ ಹಬ್ಬಕ್ಕೆಂದು ಓಡಿಸಿಕೊಂಡು ಬಂದ ಹೊಸ ಆಟೋಮ್ಯಾಟಿಕ್. ಬೆಳಿಗ್ಗೆಯಿಂದ ಭಾವ ಭಾಮೈದರಿಗೆ ಅದೇ ಜಟಾಪಟಿ. ಕಲ್ಲುದಾರಿಯಲ್ಲಿ ಗೇರು ಮನುಷ್ಯನ ಕೈಲಿರಬೇಕು, ಇದರಲ್ಲೇ ನಾನು ಚಾಂಪಿಯನ್ ರೀಫ್ಸ್‌ನ ಗಣಿಮಣ್ಣಿನ ದಿಬ್ಬ ಹತ್ತಿಸಿದ್ದೇನೆ ಎಂದು ವೇಣು. ಕ್ಲಚ್ಚೇ ಇಲ್ಲದ ಮೇಲೆ ಜಗ್ಗುವ ಮಾತೆಲ್ಲಿ ಎಂದು ರವಿಕಿರಣ್. ಗೇರಿಲ್ಲದ್ದು ಗಾಡಿಯಲ್ಲ, ತೊಟ್ಟಿಲು ಎಂದು ಇವನು ಹಂಗಿಸಿದರೆ, ಇವತ್ತು ಬೇಕಾಗಿರುವುದು ತೊಟ್ಟಿಲೇ ತಾನೆ ಎಂದು ಅವನು. ಕೊನೆಗೆ, ದಾರಿ ಬಲ್ಲವನೆಂದು ಕನಕಮ್ಮ ಮಗನ ಜೀಪನ್ನೇ ಹತ್ತಿದ್ದಳು. ಹತ್ತಿ ಆಗಿದ್ದು ಇಷ್ಟು.

ಮನೆಗೆ ಬಂದು ಹೊಸ ಬತ್ತಿ ಹಾಕಿ, ತುಪ್ಪ ತುಂಬಿ, ಹೊಸ್ತಿಲಲ್ಲಿ ಮತ್ತೆ ಹಚ್ಚಿದಳು. ಈ ಬಾರಿ ಅಳಿಯನ ಗಾಡಿ. ಗೆದ್ದ ನಗುವನ್ನು ಒಳಗೇ ಇಟ್ಟುಕೊಳ್ಳಲು ರವಿಕಿರಣ್ ಬಹಳ ಕಷ್ಟಪಟ್ಟ. ಅವಳು ಪಕ್ಕದಲ್ಲಿ ತಟ್ಟೆ ಹಿಡಿದು, ಗಾಳಿಗೆ ಮೊರ ಅಡ್ಡ ಇಟ್ಟುಕೊಂಡು ಕೂತಳು. ವೇಣು ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತ. ಊರು ದಾಟುವ ಮುಂಚೆಯೇ ಒಂದು ಕೋಳಿ ಅಡ್ಡ ಬಂತು. ರವಿಕಿರಣನ ಎಡಗಾಲು ಹಳೆಯ ಅಭ್ಯಾಸಕ್ಕೆ ಕ್ಲಚ್ ಹುಡುಕಿ, ಸಿಗದೆ, ಬ್ರೇಕನ್ನೇ ಜೋರಾಗಿ ತುಳಿಯಿತು. ಗಾಡಿ ಗಕ್ಕನೆ ನಿಂತಿತು. ಜ್ವಾಲೆ ಪೂರ್ತಿ ಮಲಗಿ, ಅಮ್ಮನ ದಯೆಯಿಂದ ಮತ್ತೆ ಎದ್ದಿತು.

"ಭಾವ, ಗಾಡೀಗೆ ಗೇರಿಲ್ಲ ಸರಿ. ನಿಮ್ಮ ಕಾಲಿಗೈತಲ್ಲ," ಎಂದ ವೇಣು ಹಿಂದಿನಿಂದ.

ಗುಡ್ಡದ ಬುಡದಲ್ಲಿ ಕನಕಮ್ಮ ನಿಲ್ಲಿಸಲು ಹೇಳಿದಳು. ಮೇಲೆ ತಮಟೆ ಜೋರಾಗಿತ್ತು, ಮಂಗಳಾರತಿಗೆ ಹೆಚ್ಚು ಹೊತ್ತಿಲ್ಲ. ಅದಾದ ಮೇಲೆ ಪೂಜಾರಿ ಕದಿರಪ್ಪ ಯಾರ ದೀಪವನ್ನೂ ಇಳಿಸಿಕೊಳ್ಳುವುದಿಲ್ಲ. ಇನ್ನೊಮ್ಮೆ ಆರಿದರೆ ಇನ್ನೊಂದು ವರ್ಷ ಕಾಯಬೇಕು, ಮುಂದಿನ ವರ್ಷ ಈ ಕಾಲುಗಳು ಇಷ್ಟಾದರೂ ಇರುತ್ತವೋ ಇಲ್ಲವೋ. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಗಂಡಸರು ಮಾತ್ರ ಮತ್ತೆ ಶುರು ಹಚ್ಚಿಕೊಂಡಿದ್ದರು. ನನ್ನ ಜೀಪು ತರುತ್ತೇನೆ, ಪೂರ್ತಿ ಒಂದನೇ ಗೇರಿನಲ್ಲೇ ಹೋಗೋಣ ಎಂದು ಇವನು; ಇನ್ನೊಮ್ಮೆ ಹಾಗಾಗುವುದಿಲ್ಲ ಎಂದು ಅವನು.

"ಅಳಿಯಂದ್ರೇ," ಎಂದಳು ಕನಕಮ್ಮ. "ಈ ಗಾಡೀಲಿ ಎಡಗಾಲಿಗೆ ಏನಾದ್ರೂ ಕೆಲ್ಸ ಐತಾ?"

"ಏನೂ ಇಲ್ಲ ಅತ್ತೆ."

"ಅಂಗಾದ್ರೆ ಊಟಕ್ಕೆ ಕೂತಂಗೆ ಅದನ್ನ ಮಡಿಚ್ಕಂಡು ಕೂತ್ಕಳಿ."

ಅತ್ತೆ ತಮಾಷೆ ಮಾಡುತ್ತಿರಲಿಲ್ಲ. ರವಿಕಿರಣ್ ಎಡಗಾಲಿನ ಶೂ ಬಿಚ್ಚಿ, ಕಾಲನ್ನು ಸೀಟಿನ ಮೇಲೆಳೆದು ತೊಡೆಯ ಕೆಳಗೆ ತುರುಕಿಕೊಂಡ. ವೇಣುವಿಗೆ ನಗು ಉಕ್ಕಿ ಬಂತು, ತಾಯಿಯ ಮುಖ ನೋಡಿ ನುಂಗಿಕೊಂಡ. ಜೀಪು ಕಲ್ಲುಗಳ ಮೇಲೆ ತೆವಳುತ್ತಾ ಹತ್ತಿತು. ವೇಣು ಗೇರು ಬದಲಿಸಿದ್ದ ಜಾಗ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಮೇಲಿನ ತಿರುವಿನ ಸಡಿಲ ಗರಸುಮಣ್ಣಿನಲ್ಲಿ ಚಕ್ರ ಸುಮ್ಮನೆ ತಿರುಗಿ ಗಾಡಿ ಜಾರಿದಾಗ ಮಡಿಚಿದ ಕಾಲು ಚಡಪಡಿಸಿತು, ಆದರೆ ಈಚೆ ಬರಲು ದಾರಿ ಇರಲಿಲ್ಲ. ಹಿಂದಿನ ಸೀಟಿನಿಂದ ವೇಣು ಮೈಯೆಲ್ಲ ಮುಂದೆ ಬಾಗಿಸಿ ದೀಪವನ್ನೇ ನೋಡುತ್ತಿದ್ದ. ಭಾವ ಸೋಲಲಿ ಎಂಬ ಆಸೆ ಅವನಿಗೆ ಆಗಲೇ ಮರೆತುಹೋಗಿತ್ತು.

ಗುಡಿಯ ಮುಂದೆ ಕನಕಮ್ಮ ತಾನೇ ಇಳಿದಳು. ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು, ಒಂದೊಂದೇ ಮೆಟ್ಟಿಲು ನಿಧಾನವಾಗಿ ಹತ್ತಿ, ಉರಿಯುವ ದೀಪವನ್ನು ತನ್ನ ಕೈಯಾರೆ ಅಮ್ಮನ ಮುಂದೆ ಇಳಿಸಿದಳು. ಕಣ್ಣು ತುಂಬಿ ಬಂತು. ಅಷ್ಟು ಸಂತೋಷ ಅವಳಿಗೆ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ತಿರುಗಿ ನೋಡಿದರೆ, ವೇಣುವಿನ ಹೆಗಲಿಗೆ ಕೈ ಹಾಕಿಕೊಂಡು ರವಿಕಿರಣ್ ಕುಂಟುತ್ತಾ ಬರುತ್ತಿದ್ದ. ಒಂದು ಕಾಲಿಗೆ ಶೂ, ಇನ್ನೊಂದು ಬರಿಗಾಲು. ಕದಿರಪ್ಪ ಗಾಬರಿಯಿಂದ, ಅಳಿಯಂದಿರ ಕಾಲಿಗೆ ಏನಾಯಿತು ಎಂದು ಕೇಳಿದ.

"ಏನೂ ಆಗಿಲ್ಲ ಬಿಡಪ್ಪ," ಎಂದಳು ಕನಕಮ್ಮ. "ಕೆಲ್ಸ ಕಿತ್ಕಂಡು ಸುಮ್ನೆ ಕೂರ್ಸಿದ್ರೆ ಎಂಥಾ ಕಾಲಾದ್ರೂ ಜೋಮು ಇಡೀತದೆ."

ಹಾಗೆಂದವಳು, ಹಿಡಿಯಲು ಬಂದ ಯಾರ ಕೈಯನ್ನೂ ಹಿಡಿಯದೆ, ಗುಡಿಯನ್ನು ಸುತ್ತುಹಾಕಲು ಹೊರಟಳು.